ಹಳೆಯ ಬಸ್ಸು ಕೊಂಡು ಮನೆಗೆ ಓಡಿಸಿ ತರುವವರಿಗೆ

ಹಳೆಯ ಬಸ್ಸು ಕೊಳ್ಳಲು ಹೊರಟ ಕುಟುಂಬಗಳು ಹೆಚ್ಚಾಗಿ ಎಡವುವುದು ಬೆಲೆಯ ವಿಷಯದಲ್ಲಲ್ಲ, ದಿನದ ವಿಷಯದಲ್ಲಿ. ಬೆಳಿಗ್ಗೆ ಬಸ್ಸು ನೋಡಿ, ಮಧ್ಯಾಹ್ನ ಹಣ ಎಣಿಸಿಕೊಟ್ಟು, ಸಂಜೆಯ ಹೊತ್ತಿಗೆ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಹೊರಟುಬಿಡುತ್ತಾರೆ. ವರ್ಷಗಟ್ಟಲೆ ನಿಂತಿದ್ದ ಬಸ್ಸು ಮೊದಲ ಹತ್ತಿಪ್ಪತ್ತು ಕಿಲೋಮೀಟರು ಚೆನ್ನಾಗಿಯೇ ಓಡುತ್ತದೆ. ಅದರ ಕಾಯಿಲೆಗಳು ಹೊರಬೀಳುವುದು ಎಂಜಿನ್ ಪೂರ್ತಿ ಕಾದು, ಟ್ಯಾಂಕಿನ ತಳದ ಕೊಳೆ ಕದಡಿ, ಬ್ರೇಕ್ ಡ್ರಮ್ಮುಗಳು ಬಿಸಿಯಾದ ಮೇಲೆ. ಅಂದರೆ ಬಹುಮಟ್ಟಿಗೆ ಕತ್ತಲಾದ ಮೇಲೆ, ನಡುದಾರಿಯಲ್ಲಿ. ಆದ್ದರಿಂದ ಕೊಳ್ಳುವುದು ಒಂದು ಕೆಲಸ, ಓಡಿಸಿ ತರುವುದು ಇನ್ನೊಂದು ಕೆಲಸ ಎಂದು ಎಣಿಸಿ, ಎರಡರ ನಡುವೆ ಕನಿಷ್ಠ ಕೆಲವು ದಿನಗಳ ಅಂತರವಿಡುವುದನ್ನು ಮೊದಲೇ ಮನೆಯವರೆಲ್ಲ ಒಪ್ಪಿಕೊಂಡಿರಬೇಕು.

ಮೊದಲ ಹೆಜ್ಜೆ: ಬಸ್ಸು ನೋಡಲು ಹೋಗುವ ಮುನ್ನ

ಯಾರು ಓಡಿಸುತ್ತಾರೆ, ಎಲ್ಲಿ ನಿಲ್ಲಿಸುತ್ತೀರಿ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಬಸ್ಸು ಹುಡುಕಬೇಡಿ. ಚಾಲಕನನ್ನು ಬಿಟ್ಟು ಎಂಟಕ್ಕಿಂತ ಹೆಚ್ಚು ಆಸನಗಳಿರುವ ವಾಹನಕ್ಕೆ ಬಹಳಷ್ಟು ದೇಶಗಳಲ್ಲಿ ಪ್ರತ್ಯೇಕ ವರ್ಗದ ಲೈಸೆನ್ಸ್ ಬೇಕಾಗುತ್ತದೆ. ಆಸನಗಳನ್ನು ಕಿತ್ತುಹಾಕಿದ ಮಾತ್ರಕ್ಕೆ ಆ ವಾಹನ ಕಾಗದದಲ್ಲಿ ಬಸ್ಸಲ್ಲವೆಂದಾಗುವುದಿಲ್ಲ. ಬಸ್ಸನ್ನು ಸಂಚಾರಿ ಮನೆಯಾಗಿ ಪರಿವರ್ತಿಸುವ ಆಸೆಯಿದ್ದರೆ ನೋಂದಣಿಯ ವರ್ಗ ಬದಲಿಸುವ ಕ್ರಮವೇನು, ಅದಕ್ಕೆ ಯಾವ ತಪಾಸಣೆ ಬೇಕು ಎಂಬುದನ್ನು ನಿಮ್ಮ ನೋಂದಣಿ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ. ವಿಮೆಯ ವಿಷಯವೂ ಹೀಗೆಯೇ. ಖಾಸಗಿ ಬಳಕೆಯ ಹಳೆಯ ಬಸ್ಸಿಗೆ ವಿಮೆ ಕೊಡಲು ಹಿಂದೇಟು ಹಾಕುವ ಕಂಪನಿಗಳಿರುವುದರಿಂದ ಮುಂಗಡ ಕೊಡುವ ಮೊದಲೇ ಅದನ್ನು ಖಚಿತಪಡಿಸಿಕೊಳ್ಳಬೇಕು.

ಇನ್ನು ಜಾಗ. ಹನ್ನೆರಡು ಮೀಟರ್ ಉದ್ದದ ಬಸ್ಸು ಖಾಲಿಯಿದ್ದಾಗಲೇ ಸುಮಾರು 9ರಿಂದ 12 ಟನ್ ತೂಗುತ್ತದೆ. ಪೂರ್ತಿ ತಿರುಗಲು ಅದಕ್ಕೆ 20 ಮೀಟರಿಗೂ ಹೆಚ್ಚು ಅಗಲ ಬೇಕು. ಬೇಸಿಗೆಯಲ್ಲಿ ಗಟ್ಟಿಯಾಗಿ ಕಾಣುವ ಅಂಗಳ ಮೊದಲ ಮಳೆಗೆ ಹಿಂದಿನ ಚಕ್ರಗಳನ್ನು ನುಂಗಬಹುದು. ಮನೆಯ ದಾರಿಯಲ್ಲಿರುವ ಗೇಟಿನ ಅಗಲ, ಮರದ ಕೊಂಬೆಗಳು, ಜೋತುಬಿದ್ದ ವಿದ್ಯುತ್ ತಂತಿಗಳು, ಚರಂಡಿಯ ಮೇಲಿನ ಚಪ್ಪಡಿ, ಇವನ್ನೆಲ್ಲ ಟೇಪು ಹಿಡಿದು ಅಳೆಯಿರಿ. ಕಣ್ಣಳತೆಯನ್ನು ನಂಬಬೇಡಿ.

ಎರಡನೆಯ ಹೆಜ್ಜೆ: ಮೈ ನೋಡುವುದು

ಎಂಜಿನ್ ಶಬ್ದ ಕೇಳುವ ಆತುರ ಎಲ್ಲರಿಗೂ ಇರುತ್ತದೆ. ಆದರೆ ಹಳೆಯ ಬಸ್ಸುಗಳು ಕೊನೆಯುಸಿರೆಳೆಯುವುದು ಎಂಜಿನ್ ಕೆಟ್ಟು ಅಲ್ಲ, ತುಕ್ಕು ಹಿಡಿದು. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳು ಅನೇಕ ವೇಳೆ ಅದೇ ಕಾಲದ ಲಾರಿಗಳಲ್ಲಿಯೂ ಬಳಕೆಯಾಗಿರುವುದರಿಂದ ಅವುಗಳ ಬಿಡಿಭಾಗ ಹೇಗೋ ಸಿಗುತ್ತದೆ. ಕೊಳೆತ ಚಾಸಿಗೆ, ಅಂದರೆ ಬಸ್ಸಿನ ಅಡಿಯ ಉಕ್ಕಿನ ಚೌಕಟ್ಟಿಗೆ, ಮತ್ತು ಒಡೆದ ಮುಂಗಾಜಿಗೆ ಮಾತ್ರ ಸುಲಭದ ಮದ್ದಿಲ್ಲ. ಮುಂಗಾಜಿನ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಬಾಗಿದ ದೊಡ್ಡ ಗಾಜುಗಳನ್ನು ಆಯಾ ಮಾದರಿಯ ಬಸ್ ಬಾಡಿಯ ಅಳತೆಗೆಂದೇ ಮಾಡಿರುತ್ತಾರೆ. ಆ ಬಾಡಿಯ ತಯಾರಿಕೆ ನಿಂತ ಮೇಲೆ ಗಾಜು ಸಿಗುವುದು ಅದೃಷ್ಟದ ವಿಷಯ. ಬಿರುಕು ಬಿಟ್ಟ ಗಾಜಿನ ಬಸ್ಸು ಎಷ್ಟೇ ಅಗ್ಗವಾಗಿದ್ದರೂ, ಗಾಜು ಎಲ್ಲಿ ಸಿಗುತ್ತದೆಂದು ತಿಳಿಯದೆ ಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ಹಳೆಯ ಬಟ್ಟೆ ತೊಟ್ಟು, ಟಾರ್ಚು ಮತ್ತು ಸಣ್ಣ ಸುತ್ತಿಗೆ ಹಿಡಿದು ಬಸ್ಸಿನ ಅಡಿಯನ್ನು ನೋಡಿ. ಇಲ್ಲೊಂದು ಎಚ್ಚರಿಕೆ ಅತ್ಯಗತ್ಯ. ಗಾಳಿಚೀಲದ ಸಸ್ಪೆನ್ಷನ್ ಇರುವ ಬಸ್ಸಿನ ಗಾಳಿ ಸೋರಿದರೆ ಇಡೀ ಮೈ ಹಠಾತ್ತನೆ ಕೆಳಗಿಳಿಯುತ್ತದೆ. ಗಟ್ಟಿಯಾದ ಸ್ಟ್ಯಾಂಡುಗಳನ್ನು ಚಾಸಿಗೆ ಕೊಡದೆ, ಬರೀ ಜಾಕಿನ ಭರವಸೆಯಲ್ಲಿ ಅಥವಾ ಗಾಳಿಯ ಭರವಸೆಯಲ್ಲಿ ಯಾರೂ ಅಡಿಗೆ ನುಸುಳಬಾರದು. ಸುರಕ್ಷಿತವಾಗಿ ನೋಡಲು ತಪಾಸಣಾ ಗುಂಡಿಯಿರುವ ಗ್ಯಾರೇಜಿಗೆ ಒಯ್ಯಲು ಮಾರುವವರು ಒಪ್ಪಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಚಕ್ರದ ಕಮಾನುಗಳ ಸುತ್ತ, ಮೆಟ್ಟಿಲಿನ ಕೆಳಗೆ, ಬ್ಯಾಟರಿ ಪೆಟ್ಟಿಗೆಯ ಬಳಿ ಹಾಗೂ ಸ್ಪ್ರಿಂಗ್ ಪಟ್ಟಿಗಳು ಚಾಸಿಗೆ ಸೇರುವ ಕಡೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ. ಕೊಳೆತದ್ದು ಮಂಕಾಗಿ ಸದ್ದುಮಾಡಿ ಹಪ್ಪಳದಂತೆ ಪದರ ಉದುರಿಸುತ್ತದೆ. ಮೇಲ್ಮೈಯ ಕಂದು ತುಕ್ಕಿಗೆ ಹೆದರಬೇಕಾಗಿಲ್ಲ. ಮಾರಾಟಕ್ಕೆಂದೇ ಹೊಸದಾಗಿ ಬಳಿದ ದಪ್ಪನೆಯ ಕಪ್ಪು ಬಣ್ಣವೇ ಹೆಚ್ಚು ಅನುಮಾನಕ್ಕೆ ಅರ್ಹ. ಒಳಗೆ ಬಂದು ಚಕ್ರದ ಕಮಾನುಗಳ ಬಳಿ ಮತ್ತು ಹಿಂಬದಿಯ ಆಸನದಡಿ ನೆಲವನ್ನು ಹಿಮ್ಮಡಿಯಿಂದ ಒತ್ತಿ ನೋಡಿ. ಪ್ಲೈವುಡ್ ಮೆತ್ತಗಾಗಿದ್ದರೆ ನೀರು ಚಾವಣಿಯ ರಿವೆಟ್ಟುಗಳಿಂದಲೋ ಕಿಟಕಿಯ ರಬ್ಬರಿನಿಂದಲೋ ಇಳಿಯುತ್ತಿದೆ ಎಂದರ್ಥ. ಮಳೆ ಬಂದ ಮರುದಿನ ಬಸ್ಸು ನೋಡಲು ಹೋಗುವುದು ಈ ಕಾರಣಕ್ಕೆ ಜಾಣತನ.

ಮೂರನೆಯ ಹೆಜ್ಜೆ: ತಣ್ಣಗಿರುವ ಎಂಜಿನ್

ನೀವು ಬರುವ ಮೊದಲು ಎಂಜಿನ್ ಚಾಲೂ ಮಾಡಬಾರದೆಂದು ಮಾರುವವರಿಗೆ ಮುಂಚೆಯೇ ತಿಳಿಸಿ, ತಲುಪಿದ ಕೂಡಲೇ ಎಂಜಿನ್ನಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ತಣ್ಣನೆಯ ಸ್ಥಿತಿಯಲ್ಲಿ ಅದು ಹಟ ಮಾಡುತ್ತದೆಂದು ಅನುಮಾನಿಸಲು ಅವಕಾಶವಿದೆ. ಅಳತೆಗೋಲನ್ನು ಎಳೆದು ಆಯಿಲ್ ನೋಡಿ. ಡೀಸೆಲ್ ಎಂಜಿನ್ನಿನ ಆಯಿಲ್ ಕಪ್ಪಗಿರುವುದು ಸಹಜ. ಹಾಲು ಬೆರೆಸಿದಂತೆ ಕಾಣುವುದು ಸಹಜವಲ್ಲ, ಅದು ಕೂಲಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಒಳಸೇರಿದ ಲಕ್ಷಣ. ಮುಚ್ಚಳದ ಒಳಬದಿಯಲ್ಲಿ ಮಾತ್ರ ಸ್ವಲ್ಪ ಬಿಳಿ ನೊರೆಯಿದ್ದರೆ ಅದು ನಿಂತ ಎಂಜಿನ್ನಿನೊಳಗಿನ ತೇವವೂ ಆಗಿರಬಹುದು.

ಚಾಲೂ ಆದಾಗ ಒಂದೆರಡು ನಿಮಿಷ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ಕಾದ ಮೇಲೂ ಬಿಳಿ ಹೊಗೆ ಬರುತ್ತಿದ್ದರೆ ಉರಿಯದ ಡೀಸೆಲ್ ಅಥವಾ ಕೂಲಂಟ್ ಹೊರಬರುತ್ತಿದೆ. ನೀಲಿ ಹೊಗೆಯೆಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಯೆಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗಿದೆ. ಈ ಮೂರರಲ್ಲಿ ಕಪ್ಪು ಹೊಗೆ ಅನೇಕ ವೇಳೆ ಕಟ್ಟಿಕೊಂಡ ಏರ್ ಫಿಲ್ಟರಿನಷ್ಟು ಸಣ್ಣ ಸಂಗತಿಯಾಗಿರುತ್ತದೆ. ಎಂಜಿನ್ ಕಾದ ಬಳಿಕ ಆಯಿಲ್ ಮುಚ್ಚಳ ಸಡಿಲಿಸಿದಾಗ ಬುಸುಬುಸು ಎಂದು ಹೊಗೆ ಒತ್ತಿ ಬಂದರೆ ಪಿಸ್ಟನ್ ರಿಂಗುಗಳು ಸವೆದಿವೆ. ಹಳೆಯ ಯಾಂತ್ರಿಕ ಪಂಪಿನ ಅನೇಕ ಡೀಸೆಲ್ ಎಂಜಿನ್ನುಗಳು ಕೀಲಿ ತಿರುಗಿಸಿದರೆ ನಿಲ್ಲುವುದಿಲ್ಲ, ಅವಕ್ಕೆ ನಿಲ್ಲಿಸಲು ಎಳೆಯುವ ಹಿಡಿಯೊಂದು ಬೇರೆಯೇ ಇರುತ್ತದೆ; ಅದು ಎಲ್ಲಿದೆಯೆಂದು ಮನೆಯ ದೊಡ್ಡವರೆಲ್ಲರೂ ಅಂದೇ ನೋಡಿಕೊಳ್ಳಲಿ.

ನಾಲ್ಕನೆಯ ಹೆಜ್ಜೆ: ಬ್ರೇಕು

ಕಾರು ಓಡಿಸಿ ರೂಢಿಯಾದವರಿಗೆ ಬಸ್ಸಿನ ಏರ್ ಬ್ರೇಕು ಹೊಸ ಭಾಷೆ. ಕಾರಿನಲ್ಲಿ ಬ್ರೇಕು ಕೆಟ್ಟರೆ ಪೆಡಲ್ ಮೆತ್ತಗಾಗಿ ಕಾಲಿಗೆ ಗೊತ್ತಾಗುತ್ತದೆ. ಏರ್ ಬ್ರೇಕಿನಲ್ಲಿ ಪೆಡಲ್ ಎಂಬುದು ಗಾಳಿಯ ನಲ್ಲಿಯಿದ್ದಂತೆ. ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಲೈನರ್ ಸವೆದು ಅದರಿಂದ ದೂರ ಸರಿದಿದ್ದರೂ ಪೆಡಲ್ ಎಂದಿನಂತೆಯೇ ಇರುತ್ತದೆ, ಮಾಪಕವೂ ತುಂಬಿದ ಗಾಳಿಯನ್ನೇ ತೋರಿಸುತ್ತದೆ, ಬಸ್ಸು ಮಾತ್ರ ನಿಲ್ಲುವುದಿಲ್ಲ. ಹಳೆಯ ಬಸ್ಸುಗಳಲ್ಲಿ ಈ ಅಂತರವನ್ನು ಪ್ರತಿ ಚಕ್ರದಲ್ಲೂ ಕೈಯಿಂದ ಸ್ಪ್ಯಾನರ್ ಹಾಕಿ ಸರಿಪಡಿಸಬೇಕಾಗಿತ್ತು. ಹಲವು ವರ್ಷ ನಿಂತ ಬಸ್ಸಿನಲ್ಲಿ ಅದನ್ನು ಯಾರೂ ಮುಟ್ಟಿರುವುದಿಲ್ಲವೆಂದೇ ಭಾವಿಸಿ, ಹೊರಡುವ ಮುನ್ನ ಬಲ್ಲ ಮೆಕ್ಯಾನಿಕ್‌ನಿಂದ ಮಾಡಿಸಿ.

ನೀವೇ ಮಾಡಬಹುದಾದ ಪರೀಕ್ಷೆಯೊಂದಿದೆ. ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಟ್ಟು, ಎಂಜಿನ್ ಓಡಿಸಿ ಗಾಳಿ ತುಂಬಿಸಿ. ಮಾಪಕ ಸಾಮಾನ್ಯವಾಗಿ 7ರಿಂದ 8.5 ಬಾರ್‌ವರೆಗೆ, ಅಂದರೆ ಸುಮಾರು 100ರಿಂದ 125 ಪಿಎಸ್‌ಐವರೆಗೆ ಏರಿ ನಿಲ್ಲಬೇಕು. ಎಂಜಿನ್ ಆರಿಸಿ, ಪಾರ್ಕಿಂಗ್ ಬ್ರೇಕ್ ಬಿಟ್ಟು, ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಒತ್ತಿದ ಕೂಡಲೇ ಆಗುವ ಇಳಿಕೆಯನ್ನು ಲೆಕ್ಕಕ್ಕೆ ಹಿಡಿಯದೆ ನೋಡಿದರೆ, ಆ ಒಂದು ನಿಮಿಷದಲ್ಲಿ 3 ಪಿಎಸ್‌ಐಗಿಂತ ಹೆಚ್ಚು ಇಳಿದಲ್ಲಿ ಎಲ್ಲೋ ಸೋರಿಕೆಯಿದೆ. ಒಬ್ಬರು ಪೆಡಲ್ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಬಸ್ಸಿನ ಸುತ್ತ ಮೌನವಾಗಿ ನಡೆದರೆ ಸೋರುವ ಜಾಗ ಕಿವಿಗೇ ಕೇಳಿಸುತ್ತದೆ. ಮಕ್ಕಳ ಕಿವಿ ಈ ಕೆಲಸಕ್ಕೆ ಬಹಳ ಚುರುಕು. ಆಮೇಲೆ ಪೆಡಲನ್ನು ಮತ್ತೆ ಮತ್ತೆ ಒತ್ತಿ ಬಿಡುತ್ತ ಗಾಳಿ ಖಾಲಿ ಮಾಡುತ್ತ ಹೋಗಿ. ಸುಮಾರು 60 ಪಿಎಸ್‌ಐ ಹೊತ್ತಿಗೆ ಎಚ್ಚರಿಕೆಯ ದೀಪವೋ ಬಜರೋ ಬರಬೇಕು. ಸ್ಪ್ರಿಂಗ್ ಬ್ರೇಕ್ (ಗಾಳಿ ಇಳಿದಾಗ ಸ್ಪ್ರಿಂಗಿನ ಬಲದಿಂದ ಚಕ್ರ ಹಿಡಿಯುವ ಬ್ರೇಕ್) ಇರುವ ಬಸ್ಸಾದರೆ 20ರಿಂದ 45 ಪಿಎಸ್‌ಐ ನಡುವೆ ಅದು ತಾನಾಗಿ ಹಿಡಿದುಕೊಳ್ಳಬೇಕು. ಬಹಳ ಹಳೆಯ ಬಸ್ಸುಗಳಲ್ಲಿ ಸ್ಪ್ರಿಂಗ್ ಬ್ರೇಕ್ ಇರುವುದೇ ಇಲ್ಲ, ಕೈಯಿಂದೆಳೆಯುವ ಬ್ರೇಕೊಂದೇ ಗತಿ. ಅಂಥ ಬಸ್ಸಿನಲ್ಲಿ ಗಾಳಿ ಹೋದರೆ ಏನಾಗುತ್ತದೆಂದು ಓಡಿಸುವವರು ಚೆನ್ನಾಗಿ ತಿಳಿದಿರಬೇಕು.

ಗಾಳಿಯ ಟ್ಯಾಂಕುಗಳ ಕೆಳಗಿನ ನಲ್ಲಿಗಳನ್ನು ತೆರೆದಾಗ ಸ್ವಲ್ಪ ನೀರು ಬರುವುದು ಸಹಜ. ಆಯಿಲ್ ಧಾರಾಳವಾಗಿ ಬಂದರೆ ಕಂಪ್ರೆಸರ್ ಸವೆದಿದೆ. ಹಿಂಬದಿ ಚಕ್ರದ ಬಳಿಯ ದುಂಡನೆಯ ಸ್ಪ್ರಿಂಗ್ ಬ್ರೇಕ್ ಡಬ್ಬಿಯ ಪಟ್ಟಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಒಳಗೆ ಅದುಮಿಟ್ಟ ಸ್ಪ್ರಿಂಗು ಪ್ರಾಣ ತೆಗೆಯುವಷ್ಟು ಬಲವಾದದ್ದು.

ಐದನೆಯ ಹೆಜ್ಜೆ: ಟೈರಿನ ವಯಸ್ಸು

ನಿಂತ ಬಸ್ಸಿನ ಟೈರಿನ ಗೀರುಗಳು ಆಳವಾಗಿಯೇ ಇರುತ್ತವೆ, ಮೋಸವಾಗುವುದು ಅಲ್ಲಿಯೇ. ಟೈರಿನ ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿಯ ಸಂಖ್ಯೆಯನ್ನು ಹುಡುಕಿ: 3217 ಎಂದಿದ್ದರೆ 2017ನೆಯ ವರ್ಷದ 32ನೆಯ ವಾರದಲ್ಲಿ ತಯಾರಾದದ್ದು. ಸಂಖ್ಯೆಯಲ್ಲಿ ಮೂರೇ ಅಂಕಿಗಳಿದ್ದರೆ ಆ ಟೈರು 2000ಕ್ಕಿಂತ ಹಿಂದಿನದು, ಅದರ ಮೇಲೆ ಒಂದು ಕಿಲೋಮೀಟರು ಕೂಡ ಓಡಿಸಬೇಡಿ. ಬ್ರಿಟನ್ನಿನಲ್ಲಿ 2021ರಿಂದ ಬಸ್ಸುಗಳ ಮುಂದಿನ ಚಕ್ರಗಳಿಗೆ ಹತ್ತು ವರ್ಷ ಮೀರಿದ ಟೈರು ಬಳಸುವುದನ್ನೇ ನಿಷೇಧಿಸಿದ್ದಾರೆ. ಅಂಥ ಕಾನೂನು ಇಲ್ಲದ ಕಡೆಯೂ ಅದನ್ನು ನಿಮ್ಮ ನಿಯಮವಾಗಿಟ್ಟುಕೊಳ್ಳಬಹುದು, ಏಕೆಂದರೆ ಮುಂದಿನ ಟೈರು ಸಿಡಿದರೆ ಬಸ್ಸು ಸ್ಟೇರಿಂಗನ್ನೇ ಕಿತ್ತುಕೊಂಡು ಒಂದು ಬದಿಗೆ ಎಳೆಯುತ್ತದೆ. ಹಿಂದಿನ ಜೋಡಿ ಟೈರುಗಳಲ್ಲಿ ಒಳಗಿನದು ಚಪ್ಪಟೆಯಾಗಿದ್ದರೂ ಹೊರಗಿನಿಂದ ಕಾಣುವುದಿಲ್ಲ. ಮರದ ಕೊಡತಿಯಿಂದ ಬಡಿದು ಸದ್ದು ಹೋಲಿಸಿ, ಆಮೇಲೆ ಮಾಪಕ ಹಾಕಿ ನೋಡಿ.

ಆರನೆಯ ಹೆಜ್ಜೆ: ಕಾಗದ

ಚಾಸಿಯ ಮೇಲೆ ಕೆತ್ತಿದ ಸಂಖ್ಯೆ, ಎಂಜಿನ್ ಸಂಖ್ಯೆ ಮತ್ತು ನೋಂದಣಿ ಪತ್ರ ಮೂರೂ ತಾಳೆಯಾಗಬೇಕು. ತೆರಿಗೆ ಬಾಕಿ, ಸಾಲದ ಹೊರೆ, ದಂಡಗಳು ಇಲ್ಲವೆಂಬುದಕ್ಕೆ ದಾಖಲೆ ಬೇಕು. ಫಿಟ್‌ನೆಸ್ ಪ್ರಮಾಣಪತ್ರದ ಅವಧಿ ಮುಗಿದಿರುವ ಬಸ್ಸಾದರೆ ರಸ್ತೆಗಿಳಿಸಲು ತಾತ್ಕಾಲಿಕ ಅನುಮತಿ ಸಿಗುತ್ತದೆಯೇ ಎಂದು ವಿಚಾರಿಸಿ. ಸಿಗದಿದ್ದರೆ ಬಸ್ಸನ್ನು ಟ್ರೇಲರಿನ ಮೇಲೆ ತರುವುದೊಂದೇ ದಾರಿ, ಆ ಖರ್ಚನ್ನು ಬೆಲೆ ಮಾತನಾಡುವಾಗಲೇ ಲೆಕ್ಕಕ್ಕೆ ಹಿಡಿಯಬೇಕು.

ಏಳನೆಯ ಹೆಜ್ಜೆ: ನಡುವಿನ ದಿನಗಳು

ಹಣ ಕೊಟ್ಟಾಯಿತು, ಬಸ್ಸು ಇನ್ನೂ ಮಾರಿದವರ ಜಾಗದಲ್ಲೇ ನಿಂತಿದೆ. ಈ ದಿನಗಳಲ್ಲಿ ಎಂಜಿನ್ ಆಯಿಲ್, ಅದರ ಫಿಲ್ಟರು, ಕೂಲಂಟ್, ಫ್ಯಾನ್‌ಬೆಲ್ಟು, ಬಿರುಕು ಬಿಟ್ಟ ರೇಡಿಯೇಟರ್ ಹೋಸ್‌ಗಳು, ಒಣಗಿದ ಡೀಸೆಲ್ ಕೊಳವೆಗಳು ಇವನ್ನೆಲ್ಲ ಬದಲಿಸಿ. ದೊಡ್ಡ ಬಸ್ಸುಗಳಲ್ಲಿ ಎರಡು 12 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿದ 24 ವೋಲ್ಟ್ ವ್ಯವಸ್ಥೆಯಿರುತ್ತದೆ. ಕಾರಿನ ಬ್ಯಾಟರಿಯಿಂದ ತಂತಿ ಎಳೆದು ಬಸ್ಸನ್ನು ಎಬ್ಬಿಸಬಹುದೆಂಬ ಭರವಸೆ ಬೇಡ, ಕಾರಿನ ಬಲ್ಬುಗಳೂ ಇದಕ್ಕೆ ಆಗುವುದಿಲ್ಲ.

ಈ ಹಂತದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಡೀಸೆಲ್ ಟ್ಯಾಂಕು. ನಿಂತ ಟ್ಯಾಂಕಿನ ತಳದಲ್ಲಿ ನೀರು ಇಳಿಯುತ್ತದೆ, ನೀರು ಮತ್ತು ಡೀಸೆಲ್ ಸೇರುವ ಗೆರೆಯಲ್ಲಿ ಸೂಕ್ಷ್ಮಾಣುಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ, ಅದರೊಡನೆ ತುಕ್ಕಿನ ಪುಡಿಯೂ ಕೂಡಿಕೊಳ್ಳುತ್ತದೆ. ನಿಂತಲ್ಲೇ ಎಂಜಿನ್ ಓಡಿಸಿದಾಗ ಇದು ಯಾವುದೂ ಅಲುಗುವುದಿಲ್ಲ. ರಸ್ತೆಯ ಕುಲುಕಾಟಕ್ಕೆ ಎಲ್ಲವೂ ಮೇಲೆದ್ದು ಫಿಲ್ಟರನ್ನು ಮುಚ್ಚುತ್ತದೆ, ಎಂಜಿನ್ ಮೊದಲು ಏರಿನಲ್ಲಿ ಸೋತು, ಬಳಿಕ ನಿಲ್ಲುತ್ತದೆ. ನಾವು ಬಸ್ಸು ತಂದಾಗ ಟ್ಯಾಂಕು ತೊಳೆಸಲು ಸೋಮಾರಿತನ ಮಾಡಿ, ಒಂದೇ ಪ್ರಯಾಣದಲ್ಲಿ ಮೂರು ಬಾರಿ ಫಿಲ್ಟರು ಬದಲಿಸಿದೆವು, ಮೂರನೆಯದು ಕೊನೆಯದಾಗಿತ್ತು. ಟ್ಯಾಂಕನ್ನು ಬಿಚ್ಚಿ ತೊಳೆಸಿ ಹೊಸ ಡೀಸೆಲ್ ತುಂಬಿಸುವುದು ಉತ್ತಮ. ಸಾಧ್ಯವಾಗದಿದ್ದರೆ ತಳದ ತಿರುಪನ್ನು ಬಿಚ್ಚಿ ಕೊಳೆಯನ್ನು ಇಳಿಸಿ, ಕನಿಷ್ಠ ಮೂರು ಫಿಲ್ಟರು ಜೊತೆಗಿಟ್ಟುಕೊಳ್ಳಿ. ಫಿಲ್ಟರು ಬದಲಿಸಿದ ಮೇಲೆ ಒಳಸೇರಿದ ಗಾಳಿಯನ್ನು ಕೈಪಂಪು ಒತ್ತುತ್ತ ಹೊರಗೆ ತೆಗೆಯುವ ಕೆಲಸವನ್ನು ಮೆಕ್ಯಾನಿಕ್ ನೋಡುತ್ತಿರುವಾಗಲೇ ನಿಮ್ಮ ಕೈಯಾರೆ ಒಮ್ಮೆ ಮಾಡಿ ಕಲಿಯಿರಿ. ಗಾಳಿ ತೆಗೆಯಲು ಬಾರದವರಿಗೆ ಹೊಸ ಫಿಲ್ಟರು ಇದ್ದೂ ಉಪಯೋಗವಿಲ್ಲ.

ಚಕ್ರದ ನಟ್ಟುಗಳನ್ನು ಬಿಚ್ಚಲಾಗುತ್ತದೆಯೇ ಎಂದೂ ಪರೀಕ್ಷಿಸಿ. ಕೆಲವು ಹಳೆಯ ಬಸ್ಸುಗಳ ಎಡಬದಿಯ ಚಕ್ರಗಳಲ್ಲಿ ನಟ್ಟುಗಳು ಎಡಮುರಿಯವು, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವಂಥವು. ಅದು ಗೊತ್ತಿಲ್ಲದೆ ಬಿಚ್ಚಲು ಹೊರಟವರು ಬಿಗಿ ಮಾಡುತ್ತಲೇ ಹೋಗಿ ಬೋಲ್ಟು ಮುರಿದ ಉದಾಹರಣೆಗಳುಂಟು.

ಎಂಟನೆಯ ಹೆಜ್ಜೆ: ಕೈ ಪಳಗಿಸುವುದು ಮತ್ತು ದಾರಿ ಆರಿಸುವುದು

ಲೈಸೆನ್ಸ್ ಇದ್ದರೂ ಈ ಬಸ್ಸು ನಿಮಗೆ ಹೊಸದು. ಖಾಲಿ ಮೈದಾನದಲ್ಲಿ ಅರ್ಧ ದಿನ ಅಭ್ಯಾಸ ಮಾಡಿ. ಬಹಳಷ್ಟು ಬಸ್ಸುಗಳಲ್ಲಿ ಚಾಲಕ ಮುಂದಿನ ಚಕ್ರಕ್ಕಿಂತಲೂ ಮುಂದೆ ಕೂತಿರುತ್ತಾನೆ, ಹಿಂದಿನ ಚಕ್ರ ಸುಮಾರು ಆರು ಮೀಟರ್ ಹಿಂದಿರುತ್ತದೆ. ಆದ್ದರಿಂದ ತಿರುವಿನಲ್ಲಿ ನಿಮ್ಮ ಆಸನ ಮೂಲೆಯನ್ನು ದಾಟಿದ ಮೇಲೆಯೇ ಸ್ಟೇರಿಂಗ್ ತಿರುಗಿಸಬೇಕು. ಬೇಗ ತಿರುಗಿಸಿದರೆ ಹಿಂದಿನ ಚಕ್ರ ಮೂಲೆಯ ಕಲ್ಲನ್ನೋ ಕಂಬವನ್ನೋ ಹತ್ತುತ್ತದೆ. ಅದೇ ಹೊತ್ತಿಗೆ ಹಿಂಚಕ್ರದ ಆಚೆಗಿನ ಬಾಲ ತಿರುವಿನ ವಿರುದ್ಧ ದಿಕ್ಕಿಗೆ ಬೀಸುತ್ತದೆ. ಒಂದು ಡಬ್ಬಿಯನ್ನು ಬಾಲದ ಪಕ್ಕದಲ್ಲಿಟ್ಟು, ಪೂರ್ತಿ ತಿರುಗಿಸಿ ಮುಂದೆ ಚಲಿಸಿದರೆ ಎಷ್ಟು ಬೀಸುತ್ತದೆಂದು ಕಣ್ಣಾರೆ ಕಾಣಬಹುದು.

ಬಸ್ಸಿನ ಎತ್ತರವನ್ನು ಚಾವಣಿಯ ಮೇಲಿನ ಪೆಟ್ಟಿಗೆ, ಏಣಿ ಸಹಿತ ಅಳೆದು ದೊಡ್ಡ ಅಕ್ಷರದಲ್ಲಿ ಬರೆದು ಚಾಲಕನ ಕಣ್ಣೆದುರು ಅಂಟಿಸಿ. ಡಬಲ್ ಡೆಕ್ಕರ್ ಆಗಿದ್ದರೆ ಎತ್ತರ ಸಾಮಾನ್ಯವಾಗಿ 4 ಮೀಟರ್ ಅಥವಾ ಅದಕ್ಕಿಂತ ಹೆಚ್ಚಿರುವುದರಿಂದ ದಾರಿಯ ಸೇತುವೆಗಳನ್ನೆಲ್ಲ ಮೊದಲು ಕಾರಿನಲ್ಲಿ ಹೋಗಿ ನೋಡಿ ಬರಬೇಕು. ಕಾರಿಗೆ ದಾರಿ ತೋರಿಸುವ ಮೊಬೈಲ್ ನಕ್ಷೆಗೆ ನಿಮ್ಮ ಬಸ್ಸಿನ ಎತ್ತರವಾಗಲಿ ತೂಕವಾಗಲಿ ತಿಳಿಯದು. ಹತ್ತಿರದ ದಾರಿಗಿಂತ ಅಂಚಿನಲ್ಲಿ ಬಸ್ಸು ನಿಲ್ಲಿಸುವಷ್ಟು ಅಗಲವಿರುವ, ಕಡಿದಾದ ಇಳಿಜಾರಿಲ್ಲದ ದಾರಿ ಒಳ್ಳೆಯದು.

ಒಂಬತ್ತನೆಯ ಹೆಜ್ಜೆ: ಹೊರಡುವ ದಿನ

ಬೆಳಕು ಹರಿಯುತ್ತಲೇ ಹೊರಡಿ. ಮಕ್ಕಳೂ ಹಿರಿಯರೂ ಹಿಂದೆ ಬರುವ ಕಾರಿನಲ್ಲಿರಲಿ. ಮೊದಲ ಪ್ರಯಾಣದಲ್ಲೇ ಬಸ್ಸಿನಲ್ಲಿ ಕೂರುವ ಆಸೆ ಅವರಿಗೆ ಎಷ್ಟಿದ್ದರೂ, ಬ್ರೇಕು ಟೈರುಗಳ ಪರಿಚಯವಾಗದ ವಾಹನದಲ್ಲಿ ಚಾಲಕ ಮತ್ತು ಒಬ್ಬ ಸಹಾಯಕ ಸಾಕು. ಊರು ಹತ್ತಿರ ಬಂದಾಗ ಕೊನೆಯ ಕೆಲವು ಕಿಲೋಮೀಟರು ಅವರನ್ನು ಹತ್ತಿಸಿಕೊಂಡರೆ ಆಸೆಯೂ ತೀರುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಎರಡಿರಲಿ, ಒಂದು ಚಾಲಕನ ಕೈಗೆ ಸಿಗುವಂತೆ, ಇನ್ನೊಂದು ಕಾರಿನಲ್ಲಿ. ಬ್ಯಾಟರಿಯ ಸಂಪರ್ಕ ಕಡಿಯುವ ಸ್ವಿಚ್ಚು ಎಲ್ಲಿದೆಯೆಂದು ಇಬ್ಬರಿಗೂ ತಿಳಿದಿರಲಿ. ಒಳಗೆ ಹೊಗೆಯ ವಾಸನೆ ಬಂದರೆ ಕಿಟಕಿ ತೆರೆದು ಮುಂದುವರಿಯುವುದಲ್ಲ, ನಿಲ್ಲಿಸಿ ಸೈಲೆನ್ಸರ್ ಕೊಳವೆಯ ಸೋರಿಕೆ ಹುಡುಕಬೇಕು.

ಗಂಟೆಗೆ 50–60 ಕಿಲೋಮೀಟರ್ ವೇಗವನ್ನು ಮೀರಬೇಡಿ. ಮೊದಲ ನಿಲುಗಡೆ ಹತ್ತು ಕಿಲೋಮೀಟರಿಗೇ ಆಗಲಿ. ಇಳಿದು ಪ್ರತಿ ಚಕ್ರದ ಹಬ್ಬಿನ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟುವ ಮೊದಲೇ ಶಾಖ ತಿಳಿಯುತ್ತದೆ. ಉಳಿದವಕ್ಕಿಂತ ಒಂದು ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ ಅಥವಾ ಬೇರಿಂಗ್ ಸೋತಿದೆ. ಚಕ್ರ ಬಿಚ್ಚಿ ಹಾಕಿದ್ದರೆ ಸುಮಾರು 50ರಿಂದ 80 ಕಿಲೋಮೀಟರಿನ ಬಳಿಕ ನಟ್ಟುಗಳನ್ನು ಮತ್ತೊಮ್ಮೆ ಬಿಗಿದು ನೋಡಬೇಕು. ಏರಿನಲ್ಲಿ ಶಾಖದ ಮಾಪಕದ ಮೇಲೆ, ಇಳಿಜಾರಿನಲ್ಲಿ ಗಾಳಿಯ ಮಾಪಕದ ಮೇಲೆ ಕಣ್ಣಿರಲಿ. ಏರು ಹತ್ತಿದ ಗೇರಿನಲ್ಲಿಯೇ ಇಳಿಯಬೇಕೆಂಬ ಚಾಲಕರ ಹಳೆಯ ಮಾತನ್ನು ಹಳೆಯ ಬಸ್ಸಿನಲ್ಲಿ ಅಕ್ಷರಶಃ ಪಾಲಿಸಿ. ಇಳಿಜಾರು ಶುರುವಾಗುವ ಮೊದಲೇ ಗೇರು ಬದಲಿಸಿ, ಬ್ರೇಕನ್ನು ಸತತವಾಗಿ ಒತ್ತಿ ಹಿಡಿಯದೆ ಒತ್ತಿ ಬಿಟ್ಟು ಮಾಡಿ.

ನಿಂತುಹೋದರೆ ಗಾಬರಿಯಿಂದ ಎಳೆಸಿಕೊಂಡು ಹೋಗಬೇಡಿ. ಎಂಜಿನ್ ಓಡದಾಗ ಬಸ್ಸಿಗೆ ಗಾಳಿಯಿಲ್ಲ, ಪವರ್ ಸ್ಟೇರಿಂಗ್ ಇಲ್ಲ. ಸ್ಪ್ರಿಂಗ್ ಬ್ರೇಕ್ ಹಿಡಿದುಕೊಂಡಿರುತ್ತದೆ. ಅದಲ್ಲದೆ ಹಲವು ಗೇರ್‌ಬಾಕ್ಸುಗಳಿಗೆ ಆಯಿಲ್ ಹರಿಯುವುದು ಎಂಜಿನ್ ತಿರುಗಿದಾಗ ಮಾತ್ರವಾದ್ದರಿಂದ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ದಂಡ) ಬಿಚ್ಚದೆ ದೂರ ಎಳೆದರೆ ಗೇರ್‌ಬಾಕ್ಸ್ ಸುಟ್ಟುಹೋಗುತ್ತದೆ. ದೊಡ್ಡ ವಾಹನಗಳನ್ನು ಎಳೆಯುವ ಅನುಭವವುಳ್ಳವರ ಫೋನ್ ಸಂಖ್ಯೆಯನ್ನು ಹೊರಡುವ ಮೊದಲೇ ಬರೆದಿಟ್ಟುಕೊಂಡಿರಿ.

ಹತ್ತನೆಯ ಹೆಜ್ಜೆ: ಮನೆಯಂಗಳದಲ್ಲಿ

ಒಬ್ಬರು ಹಿಂದೆ, ಚಾಲಕನ ಕನ್ನಡಿಯಲ್ಲಿ ಸದಾ ಕಾಣುವಂತೆ ನಿಂತು ದಾರಿ ತೋರಿಸಲಿ. ಅವರು ಕಣ್ಣಿಗೆ ಕಾಣದಾದ ಕ್ಷಣವೇ ಬಸ್ಸು ನಿಲ್ಲಬೇಕು. ಟರ್ಬೊ ಇರುವ ಎಂಜಿನ್ನನ್ನು ಎರಡು ಮೂರು ನಿಮಿಷ ಸುಮ್ಮನೆ ಓಡಲು ಬಿಟ್ಟು ಆಮೇಲೆ ಆರಿಸಿ. ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಗಾಳಿಯ ಟ್ಯಾಂಕುಗಳ ನೀರಿಳಿಸಿ, ಬ್ಯಾಟರಿ ಸ್ವಿಚ್ಚು ಆರಿಸಿ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಇವುಗಳ ಕೆಳಗೆ ಅಗಲವಾದ ರಟ್ಟಿನ ಹಾಳೆಗಳನ್ನು ಸರಿಸಿಟ್ಟು ಮಲಗಿಕೊಳ್ಳಿ. ಮರುದಿನ ಬೆಳಿಗ್ಗೆ ರಟ್ಟಿನ ಮೇಲೆ ಕಪ್ಪು ಕಲೆ ಎಲ್ಲಿದೆ, ಹಸಿರು ಅಥವಾ ಕೆಂಪು ಕೂಲಂಟಿನ ಕಲೆ ಎಲ್ಲಿದೆ, ದಟ್ಟ ವಾಸನೆಯ ಗೇರ್ ಆಯಿಲ್ ಎಲ್ಲಿ ತೊಟ್ಟಿಕ್ಕಿದೆ ಎಂಬುದನ್ನು ಒಂದು ಪುಸ್ತಕದಲ್ಲಿ ದಿನಾಂಕದೊಡನೆ ಗುರುತು ಹಾಕಿ, ಆ ಕ್ರಮದಲ್ಲಿಯೇ ರಿಪೇರಿ ಶುರುಮಾಡಿ.